ಟೋಪಿಗೆ ತಕ್ಕ ತಲೆ

ಕನ್ನಡದಲ್ಲಿ ‘ಟೋಪಿ ಹಾಕುವುದು’ ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೂ ಹಲ್ಲಿನ ಡಾಕ್ಟರು ‘ಕ್ಯಾಪ್ ಹಾಕ್ಬೇಕು’ ಎಂದಾಗ ನಾವು ಕೇಳುವ ಪ್ರಶ್ನೆ ಒಂದೇ: ‘ಎಷ್ಟಾಗತ್ತೆ?’ ಸಂತೆಯಲ್ಲಿ ಬದನೆಕಾಯಿಯನ್ನು ನಾಲ್ಕೂ ಕಡೆ ತಿರುಗಿಸಿ, ಹುಳುಕು ನೋಡಿ ಕೊಳ್ಳುವ ಜನ ನಾವು. ಬಾಯೊಳಗಿನ ಹುಳುಕಿನ ವಿಷಯಕ್ಕೆ ಬಂದರೆ ಮಾತ್ರ ಕಣ್ಣು ಮುಚ್ಚಿ ಬಾಯಿ ತೆರೆಯುತ್ತೇವೆ.

ನಾನು ದಂತವೈದ್ಯನಲ್ಲ. ಬೆಂಗಳೂರಿನ ಒಂದು ಡೆಂಟಲ್ ಲ್ಯಾಬಿನಲ್ಲಿ 19 ವರ್ಷಗಳಿಂದ ಕ್ಯಾಪ್ ಮಾಡುತ್ತಿರುವ ಕೆಲಸಗಾರ. 1948ರ ದಂತವೈದ್ಯರ ಕಾಯ್ದೆ ನಮ್ಮಂಥವರನ್ನು ‘ಡೆಂಟಲ್ ಮೆಕ್ಯಾನಿಕ್’ ಎಂದು ಕರೆಯಿತು. ರೋಗಿಯ ಮುಖವನ್ನು ನಾವು ನೋಡುವುದಿಲ್ಲ. ಕ್ಲಿನಿಕ್ಕಿನಿಂದ ಅಚ್ಚು ಬರುತ್ತದೆ, ಅದಕ್ಕೆ ಪ್ಲಾಸ್ಟರ್ ಎರೆದು ಮಾಡೆಲ್ ಮಾಡಿಕೊಳ್ಳುತ್ತೇವೆ. ಈಚೆಗೆ ಕಂಪ್ಯೂಟರಿಗೆ ನೇರವಾಗಿ ಸ್ಕ್ಯಾನೂ ಬರುತ್ತದೆ. ಜೊತೆಗೊಂದು ಚೀಟಿ: ವಯಸ್ಸು, ಗಂಡೋ ಹೆಣ್ಣೋ, ಯಾವ ಹಲ್ಲು, ಯಾವ ಶೇಡ್, ಯಾವತ್ತಿಗೆ ಬೇಕು. ಮುಂಚಿನ ಆಕಾರ ತಿಳಿಯಲೆಂದು ಹಲ್ಲು ತೇಯುವ ಮೊದಲಿನ ಮಾಡೆಲನ್ನೂ ಕೆಲವರು ಕಳಿಸುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಎಷ್ಟೋ ಸಲ ಗೊತ್ತಾಗಿಬಿಡುತ್ತದೆ, ಇದು ಉಳಿಸಲು ತೇಯ್ದ ಹಲ್ಲೋ, ಮಾರಲು ತೇಯ್ದ ಹಲ್ಲೋ ಎಂದು.

ಅದಕ್ಕೇ ಈ ಜಗಳ. ಕ್ಯಾಪ್ ಹಾಕುವುದು ಒಂದು ಶಸ್ತ್ರಕ್ರಿಯೆ. ಅದನ್ನು ಮಿಕ್ಸಿಯ ಹಾಗೆ ಮಾಡೆಲ್ಲು, ಬೆಲೆ, ವಾರಂಟಿ ಹೇಳಿ ಮಾರುವುದು ತಪ್ಪು. ಮಿಕ್ಸಿಯ ಹಾಗೆ ಕೊಳ್ಳುವುದೂ ತಪ್ಪು.

ಮೊದಲು ಆ ಹೆಸರನ್ನೇ ಹಿಡಿದು ಮಾತಾಡೋಣ. ಟೋಪಿಯನ್ನು ತಲೆಯ ಮೇಲಿಟ್ಟುಕೊಳ್ಳಬಹುದು, ಬೇಡವಾದಾಗ ತೆಗೆದು ಗೂಟಕ್ಕೆ ಸಿಕ್ಕಿಸಬಹುದು. ತಲೆಗೆ ಏನೂ ಆಗುವುದಿಲ್ಲ. ಹಲ್ಲಿನ ಕ್ಯಾಪ್ ಹಾಗಲ್ಲ. ಇಲ್ಲಿ ಮೊದಲು ತಲೆಯನ್ನು ಟೋಪಿಯ ಅಳತೆಗೆ ಕೆತ್ತುತ್ತಾರೆ. ಸುತ್ತಲೂ ಒಂದು ಮಿಲಿಮೀಟರಿನಷ್ಟು, ಅಗಿಯುವ ಮೇಲ್ಭಾಗದಲ್ಲಿ ಒಂದೂವರೆಯಿಂದ ಎರಡು ಮಿಲಿಮೀಟರಿನಷ್ಟು ತೇಯ್ದು ಹಲ್ಲನ್ನು ಗೂಟದ ಹಾಗೆ ಮಾಡುತ್ತಾರೆ. ಕೇಳಲು ಸಣ್ಣ ಅಳತೆ. ಆದರೆ ಹಲ್ಲೇ ಸಣ್ಣದು. ಪೂರ್ತಿ ಕ್ಯಾಪಿಗಾಗಿ ತೇಯ್ದ ಹಲ್ಲುಗಳನ್ನು ತೂಗಿ ನೋಡಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಒಸಡಿನ ಮೇಲೆ ಕಾಣುವ ಭಾಗದಲ್ಲಿ ಸುಮಾರು ಶೇ. 60ರಿಂದ 75ರಷ್ಟು ಹೋಗುತ್ತದೆ ಎಂದು ಅದರಲ್ಲಿ ಕಂಡಿತು. ಉಗುರು ಕತ್ತರಿಸಿದರೆ ಬೆಳೆಯುತ್ತದೆ, ಮೂಳೆ ಮುರಿದರೂ ಕೂಡಿಕೊಳ್ಳುತ್ತದೆ. ಹಲ್ಲಿನ ಮೇಲಿನ ಎನಾಮೆಲ್ ಮಾತ್ರ ಮತ್ತೆ ಹುಟ್ಟುವುದಿಲ್ಲ, ಯಾಕೆಂದರೆ ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೇ ಮುಗಿದುಹೋಗಿರುತ್ತವೆ. ಒಮ್ಮೆ ಕ್ಯಾಪಿಗೆಂದು ತೇಯ್ದ ಹಲ್ಲಿಗೆ ಜೀವನಪೂರ್ತಿ ಕ್ಯಾಪ್ ಬೇಕು. ಹಿಂದಕ್ಕೆ ದಾರಿಯಿಲ್ಲ. ‘ಎಷ್ಟಾಗತ್ತೆ’ ಎಂಬ ಪ್ರಶ್ನೆಗೆ ಮೊದಲ ಉತ್ತರ ಇದಾಗಬೇಕಿತ್ತು.

ಬದಲಿಗೆ ಏನಾಗುತ್ತದೆ? ಮೇಜಿನ ಮೇಲೆ ಲ್ಯಾಮಿನೇಟ್ ಮಾಡಿದ ಒಂದು ಪಟ್ಟಿ. ಮೆಟಲ್ ಇಷ್ಟು, ಸೆರಾಮಿಕ್ ಇಷ್ಟು, ಜಿರ್ಕೋನಿಯಾ ಇಷ್ಟು. ಮೂರು ಸಾವಿರದ್ದಕ್ಕೆ ವಾರಂಟಿಯಿಲ್ಲ, ಎಂಟು ಸಾವಿರದ್ದಕ್ಕೆ ಐದು ವರ್ಷ, ಹದಿನೈದು ಸಾವಿರದ್ದಕ್ಕೆ ಹದಿನೈದು ವರ್ಷ. ‘ಯಾವುದು ಹಾಕಣ?’ ಎಂಬ ಪ್ರಶ್ನೆ ರೋಗಿಯನ್ನು ಗೌರವದಿಂದ ಕೇಳಿದಂತೆಯೇ ಇರುತ್ತದೆ. ಆಯ್ಕೆಯನ್ನು ನಮಗೇ ಬಿಟ್ಟರಲ್ಲ ಎಂದು ಖುಷಿಯೂ ಆಗುತ್ತದೆ. ಆದರೆ ‘ಯಾವುದು’ ಎಂದು ಕೇಳುವ ಹೊತ್ತಿಗೆ ‘ಹಾಕಬೇಕೋ ಬೇಡವೋ’ ಎಂಬುದು ತೀರ್ಮಾನವಾಗಿ ಹೋಗಿರುತ್ತದೆ. ಮುಖ್ಯವಾದ ಆಯ್ಕೆಯನ್ನು ಕಿತ್ತುಕೊಂಡು, ಮುಖ್ಯವಲ್ಲದ್ದನ್ನು ತಟ್ಟೆಯಲ್ಲಿಟ್ಟು ಕೊಡುವ ವ್ಯವಹಾರ ಇದು.

ವಾರಂಟಿಯ ಕಾರ್ಡನ್ನು ಒಮ್ಮೆ ಓದಿ ನೋಡಿ. ಅದು ಕ್ಯಾಪಿನ ವಾರಂಟಿ, ಹಲ್ಲಿನದ್ದಲ್ಲ. ಕ್ಯಾಪ್ ಒಡೆದರೆ ಹೊಸದು ಕೊಡುತ್ತಾರೆ. ಅದರಡಿಯಲ್ಲಿ ಹಲ್ಲು ಮತ್ತೆ ಹುಳುಕಾದರೆ, ನರ ಸತ್ತರೆ, ಬೇರು ಸೀಳಿದರೆ ಆ ಕಾರ್ಡಿನಿಂದ ಏನೂ ಸಿಗದು. ಕ್ಯಾಪ್ ಹಾಕಿದ ಹಲ್ಲು ಹಾಳಾಗುವುದು ಬಹುಪಾಲು ಈ ಕಾರಣಗಳಿಂದಲೇ. ಕ್ಯಾಪಿಗೆ ಹುಳುಕು ಹಿಡಿಯುವುದಿಲ್ಲ, ನಿಜ. ಆದರೆ ಕ್ಯಾಪ್ ಮುಗಿದು ಹಲ್ಲು ಶುರುವಾಗುವ ಅಂಚು ಇರುತ್ತದಲ್ಲ, ನಾವು ಮಾರ್ಜಿನ್ ಎನ್ನುವ ಜಾಗ, ಅಲ್ಲಿ ಹಿಡಿಯುತ್ತದೆ. ಅಲ್ಲಿ ಸಂದಿ ಉಳಿದರೆ ಹದಿನೈದು ಸಾವಿರದ ಜಿರ್ಕೋನಿಯಾ ಥಳಥಳಿಸುತ್ತಲೇ ಇರುತ್ತದೆ, ಒಳಗಿನ ಹಲ್ಲು ಕರಗುತ್ತಿರುತ್ತದೆ. ಗೋಪುರಕ್ಕೆ ವಾರಂಟಿ ಕೊಟ್ಟು ತಳಪಾಯದ ಮಾತೆತ್ತದ ಮೇಸ್ತ್ರಿಯನ್ನು ನಾವು ಮನೆ ಕಟ್ಟಲು ಕರೆಯುತ್ತೇವೆಯೇ?

ನನ್ನ ಕಸುಬಿನ ಬಗ್ಗೆ ನನಗೆ ಹೆಮ್ಮೆಯಿದೆ. 1907ರಲ್ಲಿ ಶಿಕಾಗೋದ ವಿಲಿಯಂ ಟ್ಯಾಗರ್ಟ್ ಎಂಬ ದಂತವೈದ್ಯರು ಮೇಣದಲ್ಲಿ ಆಕಾರ ಮಾಡಿ, ಮೇಣ ಕರಗಿಸಿ, ಆ ಜಾಗಕ್ಕೆ ಚಿನ್ನ ಎರೆಯುವ ವಿಧಾನವನ್ನು ತಮ್ಮ ವೃತ್ತಿಯವರ ಮುಂದಿಟ್ಟರು. ನಮ್ಮ ಕಡೆ ಪಂಚಲೋಹದ ಉತ್ಸವಮೂರ್ತಿಗಳನ್ನು ಎರೆಯುವವರಿಗೆ ಈ ವಿದ್ಯೆ ಹೊಸದೇನಲ್ಲ. ಲೋಹದ ಕ್ಯಾಪ್ ಇವತ್ತಿಗೂ ಹೆಚ್ಚಾಗಿ ಹಾಗೆಯೇ ಹುಟ್ಟುತ್ತದೆ. ಜಿರ್ಕೋನಿಯಾದ ದಾರಿ ಬೇರೆ. ಸೀಮೆಸುಣ್ಣದಂಥ ಮೆತ್ತನೆಯ ಬಿಲ್ಲೆಯಿಂದ ಯಂತ್ರ ಅದನ್ನು ಬೇಕಾದ್ದಕ್ಕಿಂತ ಐದನೇ ಒಂದು ಭಾಗಕ್ಕೂ ಹೆಚ್ಚು ದೊಡ್ಡದಾಗಿ ಕೊರೆಯುತ್ತದೆ. ಆಮೇಲೆ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಬೆಂದು, ಕುಗ್ಗಿ, ಸರಿಯಾದ ಅಳತೆಗೆ ಬರುತ್ತದೆ. ಇವೆಲ್ಲ ಅದ್ಭುತವೇ. ಆದರೆ ಯಾವ ಕುಲುಮೆಗೂ ಕೆಟ್ಟ ಅಚ್ಚನ್ನು ಒಳ್ಳೆಯದು ಮಾಡುವ ಶಕ್ತಿಯಿಲ್ಲ. ಅಂಚು ಕಾಣದ ಅಚ್ಚು ಬಂದರೆ ‘ಇನ್ನೊಮ್ಮೆ ಅಳತೆ ತೆಗೀರಿ ಸರ್’ ಎಂದು ಫೋನ್ ಮಾಡುತ್ತೇವೆ. ಕೆಲವರು ಕೂಡಲೇ ತೆಗೆಯುತ್ತಾರೆ. ‘ಅಡ್ಜಸ್ಟ್ ಮಾಡ್ರೀ’ ಎನ್ನುವವರೂ ಇದ್ದಾರೆ. ಆ ‘ಅಡ್ಜಸ್ಟ್’ ಯಾವ ಬೆಲೆಪಟ್ಟಿಯಲ್ಲೂ ಇರುವುದಿಲ್ಲ.

ದುಬಾರಿಯೇ ಒಳ್ಳೆಯದು ಎಂಬ ಲೆಕ್ಕವೂ ಇಲ್ಲಿ ನಡೆಯದು. ಹಿಂದಿನ ದವಡೆ ಹಲ್ಲಿಗೆ ಪೂರ್ತಿ ಲೋಹದ ಕ್ಯಾಪ್ ಕಡಿಮೆ ತೇಯ್ದರೂ ಸಾಕಾಗುತ್ತದೆ, ಒಡೆಯುವುದಿಲ್ಲ, ವರ್ಷಾನುಗಟ್ಟಲೆ ಬಾಳುತ್ತದೆ. ಬಣ್ಣ ಮಾತ್ರ ಹಲ್ಲಿನದ್ದಲ್ಲ. ಲೋಹದ ಮೇಲೆ ಪಿಂಗಾಣಿ ಹಚ್ಚಿದ್ದಕ್ಕೆ ಹೆಚ್ಚು ತೇಯಬೇಕು, ಕೆಲವೊಮ್ಮೆ ಪಿಂಗಾಣಿ ಚೂರು ಏಳುತ್ತದೆ. ಅಗ್ಗದ ಲೋಹಗಳಲ್ಲಿ ನಿಕೆಲ್ ಇರುತ್ತದೆ, ಗಿಲೀಟಿನ ಓಲೆ ಹಾಕಿದರೆ ಕಿವಿ ಕೆರೆಯುವವರು ಇದನ್ನು ಮೊದಲೇ ಹೇಳಬೇಕು. ಜಿರ್ಕೋನಿಯಾ ಗಟ್ಟಿ, ನಿಜ. ಆದರೆ ಕೂರಿಸುವಾಗ ಉಜ್ಜಿ ಸರಿಮಾಡಿ, ಮತ್ತೆ ನುಣುಪು ಮಾಡದೆ ಬಿಟ್ಟರೆ ಆ ಒರಟು ಎದುರಿನ ಹಲ್ಲನ್ನು ಸವೆಸುತ್ತದೆ. ಯಾವ ಹಲ್ಲು, ಎಷ್ಟು ಉಳಿದಿದೆ, ಎದುರಿಗೆ ಏನಿದೆ, ರಾತ್ರಿ ಹಲ್ಲು ಕಡಿಯುತ್ತಾರೋ, ಅಡಿಕೆ ಅಗಿಯುತ್ತಾರೋ, ಇವನ್ನೆಲ್ಲ ನೋಡಿ ಹೇಳಬೇಕಾದ ಮಾತನ್ನು ಮೂರು ಸಾಲಿನ ಬೆಲೆಪಟ್ಟಿ ಹೇಳಲಾರದು.

ಇಷ್ಟು ಓದಿ ‘ಹಲ್ಲಿನ ಡಾಕ್ಟರುಗಳೆಲ್ಲ ಕಳ್ಳರು, ಕ್ಯಾಪೇ ಬೇಡ’ ಎಂದು ಎದ್ದು ಹೋಗುವವರಿದ್ದರೆ ನನ್ನ ಜಗಳ ಅವರ ಜೊತೆಗೂ ಇದೆ. ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಕ್ಯಾಪ್ ಬೇಕೆಂದು ಹೇಳಿದರೆ ಬಹುಮಟ್ಟಿಗೆ ಅದು ಸರಿಯಾದ ಮಾತೇ. ಹುಳುಕು ತಿಂದು, ಮೇಲಿಂದ ತೂತು ಕೊರೆದು, ಗೋಡೆಗಳು ತೆಳುವಾದ ಹಲ್ಲು ಚಕ್ಕುಲಿ ಕಡಿಯುವಾಗ ಸೀಳಿಹೋಗಬಹುದು. ಸೀಳು ಬೇರಿಗಿಳಿದರೆ ಕೀಳುವುದೊಂದೇ ದಾರಿ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ರೋಗಿಗಳ ದಾಖಲೆ ಹಿಡಿದು ಮಾಡಿದ, 2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ರೂಟ್ ಕೆನಾಲ್ ಆಗಿ ಕ್ಯಾಪ್ ಹಾಕಿಸದ ಹಲ್ಲುಗಳು ಹಾಕಿಸಿದವಕ್ಕಿಂತ ಆರು ಪಟ್ಟು ಹೆಚ್ಚಿನ ದರದಲ್ಲಿ ಹೋಗಿದ್ದವು. ನೋವು ನಿಂತಿತಲ್ಲ ಎಂದು ಕ್ಯಾಪನ್ನು ಮುಂದಿನ ಸಂಬಳಕ್ಕೆ, ಮುಂದಿನ ಹಬ್ಬಕ್ಕೆ ತಳ್ಳುವವರು ಮಾಡಿಸಿದ ರೂಟ್ ಕೆನಾಲನ್ನೂ ಕಳೆದುಕೊಳ್ಳುತ್ತಾರೆ.

ಆದರೆ ದವಡೆ ಹಲ್ಲಿಗೆ ನಿಜವಾದದ್ದು ಮುಂದಿನ ಹಲ್ಲಿಗೆ ನಿಜವಲ್ಲ. ಮುಂದಿನ ಹಲ್ಲು ಅಗಿಯುವ ಭಾರ ಹೊರುವುದು ಕಡಿಮೆ. ರೂಟ್ ಕೆನಾಲ್ ಆದ ಮುಂದಿನ ಹಲ್ಲು ಹೆಚ್ಚು ಕಡಿಮೆ ಪೂರ್ತಿಯಾಗಿಯೇ ಉಳಿದಿದ್ದರೆ ಕ್ಯಾಪಿನಿಂದ ಅದರ ಆಯಸ್ಸು ಹೆಚ್ಚುವುದಿಲ್ಲ ಎಂಬುದು 1984ರಷ್ಟು ಹಿಂದೆಯೇ ಪ್ರಕಟವಾದ ವಿಷಯ. ದವಡೆ ಹಲ್ಲಿನಲ್ಲೂ ಎಲ್ಲಕ್ಕೂ ಪೂರ್ತಿ ಕ್ಯಾಪೇ ಆಗಬೇಕೆಂದಿಲ್ಲ. ದೊಡ್ಡ ಫಿಲ್ಲಿಂಗ್ ಇದೆ, ನರ ಬದುಕಿದೆ ಎಂದರೆ ಅಗಿಯುವ ಮೇಲ್ಭಾಗವನ್ನಷ್ಟೇ ಮುಚ್ಚುವ ‘ಆನ್‌ಲೇ’ ಸಾಕಾಗಬಹುದು. ಬದುಕಿರುವ ಹಲ್ಲನ್ನು ಅಷ್ಟು ತೇಯ್ದಾಗ ಒಳಗಿನ ನರಕ್ಕೆ ಪೆಟ್ಟಾಗುವುದುಂಟು. ಕೆಲವು ಹಲ್ಲುಗಳಿಗೆ ವರ್ಷಗಳ ಮೇಲೆ, ಹಾಕಿದ ಕ್ಯಾಪನ್ನೇ ಕೊರೆದು ರೂಟ್ ಕೆನಾಲ್ ಮಾಡಬೇಕಾಗುತ್ತದೆ.

ಇನ್ನು ನನಗೆ ನಿಜಕ್ಕೂ ಸಿಟ್ಟು ಬರುವ ವಿಷಯ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡದ ಕಡೆ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಆ ನೀರು ಕುಡಿದ ಮಕ್ಕಳಿಗೆ ಹಲ್ಲು ಮೂಡುವಾಗಲೇ ಕಂದು ಕಲೆ ಇರುತ್ತದೆ. ಉಜ್ಜದೆ ಬಂದದ್ದಲ್ಲ, ಉಜ್ಜಿ ಹೋಗುವುದೂ ಅಲ್ಲ. ಇಂಥ ಕಡೆಯಿಂದ ನಮಗೆ ಬರುವ ಚೀಟಿಗಳಲ್ಲಿ ಒಂದು ಬಗೆ ಹೀಗಿರುತ್ತದೆ: ವಯಸ್ಸು 22, ಹೆಣ್ಣು, ಮೇಲಿನ ಮುಂದಿನ ಆರು ಹಲ್ಲು, ಶೇಡ್ ಎ1, ಅರ್ಜೆಂಟ್, ಮದುವೆ. ತೇಯುವ ಮೊದಲಿನ ಮಾಡೆಲ್ ನೋಡಿದರೆ ಆರೂ ಗಟ್ಟಿಮುಟ್ಟಾದ ಹಲ್ಲು. ಹುಳುಕಿಲ್ಲ, ಮುರಿದಿಲ್ಲ. ಕಲೆ ಪ್ಲಾಸ್ಟರಿನಲ್ಲಿ ಕಾಣುವುದಿಲ್ಲವಲ್ಲ. ಎರಡನೆಯ ಮಾಡೆಲಿನಲ್ಲಿ ಅದೇ ಆರು ಹಲ್ಲು, ಆರು ಗೂಟ.

ಕಲೆ ಹೊರಪದರದಲ್ಲಿದ್ದರೆ ಕೂದಲೆಳೆಯಷ್ಟು ಉಜ್ಜಿ ತೆಗೆಯುವ ಮೈಕ್ರೋಅಬ್ರೇಶನ್ ಇದೆ, ಬ್ಲೀಚಿಂಗ್ ಇದೆ. ಅದಕ್ಕೂ ಬಗ್ಗದಿದ್ದರೆ ಹಲ್ಲಿನ ಬಣ್ಣದ ಕಾಂಪೋಸಿಟ್ ಹಚ್ಚಬಹುದು, ಮುಂಭಾಗಕ್ಕಷ್ಟೇ ತೆಳು ಪಿಂಗಾಣಿಯ ವೆನೀರ್ ಅಂಟಿಸಬಹುದು. ಇವೆಲ್ಲವನ್ನೂ ಮೀರಿದ, ಹಲ್ಲೇ ಪುಡಿಯಾಗುವಷ್ಟು ತೀವ್ರವಾದದ್ದಕ್ಕೆ ಕ್ಯಾಪ್. ಏಣಿಯ ಕೊನೆಯ ಮೆಟ್ಟಿಲನ್ನು ಮೊದಲನೆಯದೆಂದು ತೋರಿಸಿದರೆ ಲೆಕ್ಕ ಹೀಗಾಗುತ್ತದೆ: ಒಂದು ಕ್ಯಾಪ್ ಚೆನ್ನಾಗಿ ಹದಿನೈದು ವರ್ಷ ಬಂತು ಎಂದುಕೊಳ್ಳಿ. 37ಕ್ಕೆ ಆರೂ ಹೊಸದು, 52ಕ್ಕೆ ಮತ್ತೆ, 67ಕ್ಕೆ ಮತ್ತೆ. ಪ್ರತಿ ಸಲ ಬದಲಿಸುವಾಗ ಹಲ್ಲು ಇನ್ನಷ್ಟು ಸಣ್ಣದು. ‘ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ’ ಎನ್ನುತ್ತಾರೆ. ಇಲ್ಲಿ ಹಲ್ಲೂ ಇತ್ತು, ಕಡಲೆಯೂ ಇತ್ತು. ಫೋಟೋ ಚೆನ್ನಾಗಿ ಬರಲೆಂದು ಹಲ್ಲನ್ನು ಕೊಟ್ಟದ್ದಾಯಿತು. ನೀರು ಸರಿಯಾಗಿ ಕೊಡದ ಸರ್ಕಾರ, ಹೆಣ್ಣು ನೋಡಲು ಬಂದು ಹಲ್ಲು ನೋಡಿದ ಬೀಗರು, ಏಣಿ ತೋರಿಸದ ಕ್ಲಿನಿಕ್ಕು, ಮೂವರೂ ಮಾಡಿದ್ದರ ಬಿಲ್ಲು ಆ ಹುಡುಗಿಯ ಬಾಯಿಗೆ.

ವೈದ್ಯರ ಕಡೆಯಿಂದ ಬರುವ ಉತ್ತರ ನನಗೆ ಗೊತ್ತು, ಅದರಲ್ಲಿ ಹುರುಳೂ ಇದೆ. ‘ಪೇಷೆಂಟಿಗೆ ಹೇಳಲು ಹೋದರೆ ಕೇಳುವ ತಾಳ್ಮೆ ಇಲ್ಲ. ಅವರೇ ಬಂದು ಕ್ಯಾಪ್ ಹಾಕಿ ಎನ್ನುತ್ತಾರೆ. ನಾವು ಬೇಡವೆಂದರೆ ಪಕ್ಕದ ಕ್ಲಿನಿಕ್ಕಿಗೆ ಹೋಗುತ್ತಾರೆ.’ ಹೌದು, ಒಂದೊಂದು ರಸ್ತೆಯಲ್ಲಿ ನಾಲ್ಕು ಕ್ಲಿನಿಕ್ಕು ಇರುವ ಬೆಂಗಳೂರಿನಲ್ಲಿ ಬಾಡಿಗೆ, ಕುರ್ಚಿಯ ಸಾಲ, ಯಂತ್ರದ ಕಂತು ಕಟ್ಟುತ್ತಾ ಪ್ರಾಮಾಣಿಕವಾಗಿರುವುದು ಸುಲಭವಲ್ಲ. ಹಲ್ಲಿನ ಚಿಕಿತ್ಸೆಗೆ ವಿಮೆಯ ಆಸರೆಯೂ ಬಹುಪಾಲು ಜನರಿಗಿಲ್ಲ. ಸಮಾಲೋಚನೆಗೆ ಇನ್ನೂರು ರೂಪಾಯಿ ಕೊಡಲು ಗೊಣಗಿ, ಕ್ಯಾಪಿಗೆ ಎಂಟು ಸಾವಿರ ಎಣಿಸುವ ನಾವೇ ‘ಸಲಹೆಗೆ ಬೆಲೆಯಿಲ್ಲ, ಸಾಮಾನಿಗೆ ಬೆಲೆ’ ಎಂದು ಅವರಿಗೆ ಕಲಿಸಿದ್ದೇವೆ. ಆದರೆ ರೋಗಿ ಕೇಳಿದ ಎಂಬುದು ತೇಯಲು ಕಾರಣವಾಗಲಾರದು. ಕೇಳಿದವನಿಗೆಲ್ಲ ಕೊಡುವುದಾದರೆ ಅಂಗಡಿ ಸಾಕು, ಐದು ವರ್ಷದ ಡಿಗ್ರಿ ಬೇಕಿಲ್ಲ. ಇದೇ ಬಾಡಿಗೆ, ಇದೇ ಕಂತು ಕಟ್ಟುತ್ತಾ ‘ಇದಕ್ಕೆ ಕ್ಯಾಪ್ ಬೇಡಮ್ಮ, ಫಿಲ್ಲಿಂಗ್ ಸಾಕು’ ಎನ್ನುವ ವೈದ್ಯರು ನನಗೆ ಗೊತ್ತು. ಅವರು ನಮ್ಮ ಲ್ಯಾಬಿಗೆ ಕಳಿಸುವ ಕೆಲಸ ಕಡಿಮೆ. ಅವರ ಅಚ್ಚು ಬಂದಾಗ ಮಾತ್ರ ಅಂಚು ಗೆರೆ ಎಳೆದ ಹಾಗೆ ಕಾಣುತ್ತದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಹಣ ಕೊಟ್ಟು ಪಡೆಯುವ ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತು. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಇನ್ನೂ ಬಿಡಿಸಿ ಹೇಳಿತು: ಚಿಕಿತ್ಸೆ ಏನು, ಯಾತಕ್ಕೆ, ಅದರ ಪರಿಣಾಮವೇನು, ಬೇರೆ ದಾರಿಗಳಿವೆಯೇ, ಮುಖ್ಯ ಅಪಾಯಗಳೇನು, ಬೇಡವೆಂದರೆ ಏನಾಗುತ್ತದೆ, ಇಷ್ಟನ್ನು ತಿಳಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆ. ಆ ಪ್ರಕರಣದಲ್ಲಿ ಮಗಳು ಅರಿವಳಿಕೆಯಲ್ಲಿದ್ದಾಗ ತಾಯಿಯಿಂದ ಪಡೆದ ಒಪ್ಪಿಗೆ ಸಾಲದು ಎಂದೂ ಕೋರ್ಟು ಹೇಳಿತು, ಯಾಕೆಂದರೆ ಮಗಳು ವಯಸ್ಕಳು, ಜೀವಕ್ಕೆ ಅಪಾಯದ ತುರ್ತೂ ಇರಲಿಲ್ಲ. ಹಲ್ಲಿನ ಕುರ್ಚಿಯಲ್ಲಿ ಇದಕ್ಕಿಂತ ಕಡಿಮೆಯ ಒಪ್ಪಿಗೆ ಯಾಕೆ ಸಾಕು? ನಮ್ಮಲ್ಲಿ ಅದು ಬರುವುದು ಇಂಗ್ಲಿಷಿನ ಒಂದು ಹಾಳೆಯಾಗಿ. ಅಮ್ಮನ ಹಲ್ಲಿಗೆ ಮಗ ಸಹಿ ಹಾಕುತ್ತಾನೆ. ಅಮ್ಮನಿಗೆ ಓದಲು ಬರುವ ಭಾಷೆಯಲ್ಲಿ ಆ ಹಾಳೆ ಇಲ್ಲವೆಂದು ಯಾರಿಗೂ ಅನಿಸುವುದಿಲ್ಲ. ರಾಜ್ಯೋತ್ಸವಕ್ಕೆ ಕ್ಲಿನಿಕ್ಕಿನ ಬಾಗಿಲಿಗೆ ಹಳದಿ ಕೆಂಪು ಬಾವುಟ ಕಟ್ಟುವವರು ಆ ಒಂದು ಹಾಳೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದರೆ ಸಾಕು, ನಾಡಸೇವೆ ಆಗುತ್ತದೆ.

ಅಲ್ಲಿಯವರೆಗೆ ಕೇಳುವ ಕೆಲಸ ನಮ್ಮದು. ಬೆಲೆಗೆ ಮುಂಚೆ ಇವನ್ನು ಕೇಳಿ. ಈ ಹಲ್ಲಿಗೆ ಕ್ಯಾಪ್ ಯಾಕೆ ಬೇಕು, ಎಕ್ಸ್‌-ರೇಯಲ್ಲಿ ತೋರಿಸುತ್ತೀರಾ? ಹಾಕಿಸದಿದ್ದರೆ ಏನಾಗುತ್ತದೆ, ಎಷ್ಟು ದಿನ ಕಾಯಬಹುದು? ಫಿಲ್ಲಿಂಗ್, ಆನ್‌ಲೇ, ವೆನೀರ್ ಯಾಕೆ ಸಾಲದು? ಹಲ್ಲನ್ನು ಎಷ್ಟು ತೇಯಬೇಕಾಗುತ್ತದೆ? ಒಸಡಿನ ಮೇಲೆ ಸುತ್ತಲೂ ಗಟ್ಟಿ ಹಲ್ಲು ಎಷ್ಟು ಉಳಿದಿದೆ? ಈ ಕೊನೆಯ ಪ್ರಶ್ನೆ ಮುಖ್ಯ. ಕೊಡಕ್ಕೆ ಬಳೆ ಹಾಕಿದಂತೆ ಕ್ಯಾಪ್ ಹಲ್ಲನ್ನು ಹಿಡಿಯಲು ಸುತ್ತಲೂ ಸುಮಾರು ಎರಡು ಮಿಲಿಮೀಟರ್ ನಿಜವಾದ ಹಲ್ಲು ಬೇಕು. ಅಷ್ಟಿಲ್ಲದ ಕಡೆ ಬರೀ ಸಿಮೆಂಟಿನ ಮೇಲೆ ನಿಲ್ಲಿಸಿದ ಕ್ಯಾಪ್ ಇವತ್ತಲ್ಲ ನಾಳೆ ಹಲ್ಲಿನ ಚೂರಿನ ಸಮೇತ ಕೈಗೆ ಬರುತ್ತದೆ. ಅನುಮಾನವಿದ್ದರೆ ಎಕ್ಸ್‌-ರೇ ಪ್ರತಿ ಪಡೆದು ಇನ್ನೊಬ್ಬರಿಗೆ ತೋರಿಸಿ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ, ರಾಜ್ಯದ ಎಷ್ಟೋ ಊರುಗಳಲ್ಲಿ ಡೆಂಟಲ್ ಕಾಲೇಜುಗಳಿವೆ. ಅಲ್ಲಿ ಕ್ಯೂ ಉದ್ದ, ಆದರೆ ಓದುವ ಹುಡುಗರು ಮೇಷ್ಟ್ರ ಕಣ್ಣೆದುರಿಗೆ ಕೆಲಸ ಮಾಡುತ್ತಾರೆ.

ಕೂರಿಸುವ ದಿನ ಅವಸರ ಬೇಡ. ಸಿಮೆಂಟು ಹಾಕುವ ಮೊದಲು ಕನ್ನಡಿ ಕೇಳಿ, ಬಣ್ಣ ನೋಡಿ, ಬಣ್ಣ ನೋಡಲು ಕಿಟಕಿಯ ಬೆಳಕೇ ಒಳ್ಳೆಯದು. ಹಲ್ಲು ಕಚ್ಚಿ ನೋಡಿ, ಆ ಹಲ್ಲೇ ಮೊದಲು ತಾಗುತ್ತಿದ್ದರೆ ಹೇಳಿ. ‘ಎರಡು ದಿನದಲ್ಲಿ ಅಡ್ಜಸ್ಟ್ ಆಗತ್ತೆ’ ಎಂಬ ಮಾತಿಗೆ ಒಪ್ಪಬೇಡಿ. ಹಲ್ಲು ಅಡ್ಜಸ್ಟ್ ಆಗುವುದಿಲ್ಲ, ನೋಯುತ್ತದೆ. ಪಕ್ಕದ ಹಲ್ಲಿನ ನಡುವೆ ದಾರ ಬಿಗಿಯಾಗಿ ಹೋಗಬೇಕು. ಸಲೀಸಾಗಿ ಜಾರಿದರೆ ಅಲ್ಲಿ ಊಟ ಸಿಕ್ಕಿಕೊಳ್ಳುತ್ತದೆ. ಯಾವ ಲೋಹ, ಯಾವ ಜಿರ್ಕೋನಿಯಾ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಆಮೇಲೆ ಆ ಹಲ್ಲನ್ನು ಮರೆಯಬೇಡಿ, ಒಸಡಿನ ಅಂಚನ್ನು ಉಳಿದ ಹಲ್ಲುಗಳಿಗಿಂತ ಹೆಚ್ಚು ಜಾಗ್ರತೆಯಿಂದ ಉಜ್ಜಿ.

ಸಾಹಿತ್ಯದ ಪತ್ರಿಕೆಯಲ್ಲಿ ಹಲ್ಲಿನ ಮಾತೇಕೆ ಎಂದು ಕೇಳುವವರಿಗೆ ಒಂದು ಮಾತು. ಪದಗಳ ಒಳಗೆ ಏನು ಅಡಗಿದೆ ಎಂದು ನೋಡುವುದನ್ನೇ ನೀವು ಓದುತ್ತೀರಿ. ‘ಕ್ಯಾಪ್’ ಎಂಬ ಪದದೊಳಗೆ ಕೆತ್ತಿದ ತಲೆ ಅಡಗಿದೆ, ‘ವಾರಂಟಿ’ಯೊಳಗೆ ಹಲ್ಲು ಕಾಣೆಯಾಗಿದೆ, ‘ಕನ್ಸೆಂಟ್’ನೊಳಗೆ ಒಪ್ಪಿಗೆಯೇ ಇಲ್ಲ. ಮನೆಯಲ್ಲಿ ಅಮ್ಮನನ್ನೋ ಅಜ್ಜನನ್ನೋ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುವವರೂ, ಆ ಇಂಗ್ಲಿಷ್ ಹಾಳೆಗೆ ಸಹಿ ಹಾಕುವವರೂ ಹೆಚ್ಚಾಗಿ ನೀವೇ. ಸಹಿ ಹಾಕುವ ಮೊದಲು ಅದನ್ನು ಕನ್ನಡದಲ್ಲಿ ಅವರಿಗೆ ಓದಿ ಹೇಳಿ. ಅರ್ಥವಾಗದ ಸಾಲು ಬಂದರೆ ಡಾಕ್ಟರನ್ನು ಕೇಳಿ. ಹಲ್ಲು ಯಾರದೋ ಅವರು ಪೂರ್ತಿ ಕೇಳಿಸಿಕೊಂಡು ‘ಹೂಂ’ ಅನ್ನಲಿ, ಇಲ್ಲವೇ ‘ಬೇಡ’ ಅನ್ನಲಿ. ಅದಾದ ಮೇಲೆ ಕೇಳಿದರಾಯಿತು, ಎಷ್ಟಾಗತ್ತೆ ಎಂದು.